ಯಾರೂ ನುಡಿಸದ ಸೋಲೊ

"ಇನ್ನೊಂದ್ಸಲ ಹಾಕ್ಸಿ," ಎಂದರು ಕಾತ್ಯಾಯಿನಿ ಮೇಡಂ.

ಹನ್ನೊಂದನೆಯ ಸಲ. ಸ್ಟುಡಿಯೊ ಮಾಲೀಕ ಫಿಂಟನ್‌ಗೆ ಕನ್ನಡ ಬರುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಆ ಒಂದು ಮಾತು ಬಂದುಬಿಟ್ಟಿತ್ತು. ಉಸಿರು ಬಿಟ್ಟು ಗುಂಡಿ ಒತ್ತಿದ.

ಸ್ಪೀಕರಿನಲ್ಲಿ ಮೊದಲು ಸಣ್ಣದೊಂದು ಕೆಮ್ಮು. ಆಮೇಲೆ ನಮ್ಮ ಗಿಟಾರಿಸ್ಟ್ ಸ್ಕಂದನ ಧ್ವನಿ, ನಿದ್ದೆಗಣ್ಣಿನಲ್ಲಿ ಹಾಜರಿ ಹೇಳುವವನ ಹಾಗೆ: "ವೀಕ್ ಥರ್ಟಿ ಏಯ್ಟ್ ಪಾಯಿಂಟ್ ಸೆವೆನ್. ಟೇಕ್ ಒನ್."

ಆಮೇಲೆ ಸೋಲೊ. ನಲವತ್ತೆಂಟು ಸೆಕೆಂಡು. ಒಂದೇ ಸ್ವರವನ್ನು ಎಳೆದೂ ಎಳೆದೂ, ಇನ್ನೇನು ತಂತಿ ಹರಿಯಿತು ಅನ್ನುವಾಗ ಸಡಿಲಿಸಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿ, ಅಲ್ಲಿಂದ ಕೆಳಕ್ಕೆ ನೋಡಿ, ಇಳಿಯದೆ ನಿಂತುಬಿಡುವ ಸೋಲೊ. ನಮ್ಮ ಬ್ಯಾಂಡು ಹುಟ್ಟಿ ಆರು ವರ್ಷವಾಯಿತು, ಅಂಥದ್ದನ್ನು ಯಾರೂ ನುಡಿಸಿರಲಿಲ್ಲ. ತೊಂದರೆ ಏನೆಂದರೆ, ಇದನ್ನೂ ಯಾರೂ ನುಡಿಸಿರಲಿಲ್ಲ.

ಈಗ ಪೂರ್ತಿ ನಿಜ ಹೇಳುತ್ತೇನೆ. ಇಷ್ಟು ದಿನ ಇವರಿಗೆಲ್ಲ ಹೇಳಿದ್ದೂ ಸುಳ್ಳಲ್ಲ, ಒಂದು ಸಂಗತಿ ಕಡಿಮೆ ಇತ್ತು ಅಷ್ಟೆ. ಸಾರಿಗೆ ಉಪ್ಪು ಕಡಿಮೆಯಾದ ಹಾಗಲ್ಲ. ಬೇಳೆಯನ್ನೇ ಹಾಕಿರಲಿಲ್ಲ.

ಬುಧವಾರ, ಸಂಜೆ ಐದು. ಡಬ್ಲಿನ್ನಿನ ಅಂಚಿನ ಕ್ಲಾಂಡಾಲ್ಕಿನ್ನಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಟೈರ್ ಅಂಗಡಿಗೂ ಟೈಲ್ಸ್ ಗೋದಾಮಿಗೂ ನಡುವೆ ಇರುವ ತಗಡಿನ ಶೆಡ್ಡೇ ನಮ್ಮ ಸ್ಟುಡಿಯೊ. ಒಳಗೆ ಹೀಟರ್ ಇದೆ, ಹೀಟು ಇಲ್ಲ. ಎಲ್ಲರೂ ಜಾಕೆಟ್ಟಿನೊಳಗೆ ಕೈ ತುರುಕಿಕೊಂಡು ಕೂತಿದ್ದೆವು.

ನಾವು ನಾಲ್ವರು ಸೇರಿ ‘ಕಬ್ಬಿಣದ ಕಡಲೆ’. ಕನ್ನಡದ ಹಾರ್ಡ್ ರಾಕ್ ಬ್ಯಾಂಡು. ಹಾಡುವವನು ನಾನು, ದಿಲೀಪ್. ಹಗಲು ಸಾಫ್ಟ್‌ವೇರ್ ಟೆಸ್ಟರ್, ಮಿಕ್ಕ ಹೊತ್ತು ಕಂಡವರ ಧ್ವನಿ ಕದಿಯುವವನು. ಬೇಸ್ ಗಿಟಾರ್ ವಂದನಾ, ಎಂಎಸ್ಸಿ ಓದಲು ಬಂದು ಇಲ್ಲೇ ಕೆಲಸಕ್ಕೆ ನಿಂತವಳು. ಡ್ರಮ್ಸ್ ಭೀಮಪ್ಪ, ಇಳಕಲ್ಲಿನವನು, ಡಬ್ಲಿನ್ನಿನಲ್ಲಿ ಬಸ್ ಓಡಿಸುತ್ತಾನೆ. ಲೀಡ್ ಗಿಟಾರ್ ಸ್ಕಂದ, ಲೀಕ್ಸ್‌ಲಿಪ್ಪಿನ ಚಿಪ್ ಕಾರ್ಖಾನೆಯಲ್ಲಿ ಹನ್ನೆರಡು ಗಂಟೆಯ ಪಾಳಿ ಮಾಡುವವನು.

ಮೊದಲ ಆಲ್ಬಮ್ಮು. ಒಂಬತ್ತು ಹಾಡು. ಎಂಟು ಮುಗಿದಿದ್ದವು. ‘ತಗಡು’ ಎಂಬ ಏಳನೆಯ ಹಾಡಿಗೆ ಸ್ಕಂದನ ಸೋಲೊ ಒಂದು ಬಾಕಿ.

ಅದು ಬಾಕಿ ಉಳಿದದ್ದಕ್ಕೆ ಕಾರಣ ಅವನ ಎಡಗೈ. ಫೆಬ್ರವರಿಯಿಂದ ಕೊನೆಯ ಎರಡು ಬೆರಳಿಗೆ ಜೋಮು. ಮೊದಲು ನೆಂಟರ ಹಾಗೆ ಬಂದು ಹೋಗುತ್ತಿತ್ತು, ಆಮೇಲೆ ಅಲ್ಲೇ ಬಿಡಾರ ಹೂಡಿತು. ಗಿಟಾರಿಸ್ಟನಿಗೆ ಕೈಯೇ ಕೈಕೊಟ್ಟಿತ್ತು. ನರರೋಗದ ಡಾಕ್ಟರಿಗಾಗಿ ಏಳು ತಿಂಗಳು ಸರದಿಯಲ್ಲಿ ಕಾದು, ಕೊನೆಗೂ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿತ್ತು.

ಆಸ್ಪತ್ರೆಯ ಪತ್ರದಲ್ಲಿ ಒಂದು ಪ್ರಶ್ನೆ ಇತ್ತು. ‘ನೀವು ಮಾಡಿದ ಕೆಲಸ ನಿಮಗೇ ನೆನಪಿಲ್ಲದೆ ಹೋದದ್ದುಂಟೆ?’

ಹತ್ತು ದಿನದ ಹಿಂದೆ ಕೇಳಿದ್ದರೆ ಸ್ಕಂದ ಇಲ್ಲ ಅನ್ನುತ್ತಿದ್ದ. ಈಗ ಸೋಲೊ ಒಂದು ಪ್ರತ್ಯಕ್ಷವಾಗಿತ್ತು, ಅವನದೇ ಧ್ವನಿ ಹೊತ್ತುಕೊಂಡು. ಇದನ್ನು ನುಡಿಸಿದ್ದು ಅವನೇ ಆದರೆ ಅವನಿಗೆ ನೆನಪಿಲ್ಲ. ನೆನಪಿಲ್ಲದಿದ್ದರೆ ಕಾಯಿಲೆ ಬೆರಳಿನದಲ್ಲ, ತಲೆಯದು. ಬೇರೆ ಯಾರಾದರೂ ನುಡಿಸಿದ್ದರೆ ತಲೆ ನೆಟ್ಟಗಿದೆ. ಇಷ್ಟೇ ಲೆಕ್ಕ. ಉತ್ತರ ನಾಳೆ ಬೆಳಿಗ್ಗೆಯ ಒಳಗೆ ಬೇಕಿತ್ತು.

ಅದಕ್ಕೇ ಕಾತ್ಯಾಯಿನಿ ಮೇಡಂ. ಐವತ್ತೆರಡು ವರ್ಷ, ಮೈಸೂರಿನವರು, ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳ ಸತ್ಯಾಸತ್ಯ ನೋಡುವ ಕೆಲಸ. ನಮ್ಮ ಕನ್ನಡ ಬಳಗದಲ್ಲಿ ಏನು ಕಳೆದರೂ ಅವರಿಗೇ ಫೋನು. ಈ ಸಲ ಏನೂ ಕಳೆದಿರಲಿಲ್ಲ, ಒಂದು ಹೆಚ್ಚಾಗಿತ್ತು.

"ಹೆಚ್ಚಾಗಿದ್ದನ್ನ ಹುಡುಕೋದೇ ಕಷ್ಟ ಕಣಪ್ಪ," ಎಂದಿದ್ದರು ಮೊದಲ ದಿನ. "ಕಳೆದುಹೋದ್ರೆ ಯಾರಾದ್ರೂ ಕಂಪ್ಲೇಂಟ್ ಕೊಡ್ತಾರೆ. ಹೆಚ್ಚಾಗಿದ್ದಕ್ಕೆ ಎಲ್ಲರೂ ಬಾಯಿ ಮುಚ್ಕೊಂಡಿರ್ತಾರೆ."

ಆಗ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ.

ಮೇಡಂ ಈಗ ಪುಟ್ಟ ನೋಟ್‌ಬುಕ್ ತೆರೆದರು. ಕೋಟು ಬಿಚ್ಚಿರಲಿಲ್ಲ. ಅವರು ಎಲ್ಲಿಗೆ ಹೋದರೂ ಬಸ್ಸು ಹಿಡಿಯಲು ತಯಾರಾಗಿಯೇ ಕೂರುತ್ತಾರೆ.

"ಮತ್ತೆ ಹೇಳು ಸ್ಕಂದ. ಆ ಭಾನುವಾರ."

"ಎಷ್ಟ್ ಸಲ ಮೇಡಂ?"

"ನಿನ್ನ ಸೋಲೊ ಹನ್ನೊಂದ್ಸಲ ಕೇಳಿದೀನಿ. ನಿನ್ನ ಮಾತು ಮೂರೇ ಸಲ."

ಸ್ಕಂದ ಸೋಫಾದ ಮೇಲೆ ಕೂತಿದ್ದ. ಎಡಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು, ಯಾರೋ ಮರೆತುಬಿಟ್ಟುಹೋದ ಗ್ಲೌಸಿನ ಹಾಗೆ.

"ನೈಟ್ ಶಿಫ್ಟ್ ಮುಗಿಸ್ಕೊಂಡು ಸೀದಾ ಇಲ್ಲಿಗೆ ಬಂದೆ. ಒಂಬತ್ತು ಗಂಟೆ. ಬೀಗ ತೆಗ್ದೆ, ಆಂಪ್ ಆನ್ ಮಾಡ್ದೆ, ರೆಕಾರ್ಡಿಂಗ್‌ಗೆ ಎಲ್ಲ ರೆಡಿ ಮಾಡ್ಕೊಂಡೆ. ಬೆರಳು ಬರ್ಲಿಲ್ಲ. ಗಿಟಾರ್ ಪಕ್ಕಕ್ಕಿಟ್ಟು ಇದೇ ಸೋಫಾ ಮೇಲೆ ಬಿದ್ಕೊಂಡೆ. ಎದ್ದಾಗ ಹನ್ನೆರಡು. ಎಲ್ಲ ಆಫ್ ಮಾಡಿ ಮನೆಗ್ ಹೋದೆ. ಸಂಜೆವರೆಗೂ ಮಲ್ಕೊಂಡಿದ್ದೆ."

"ಮನೇಲಿ?"

"ಮನೇಲಿ. ಒಬ್ನೇ."

ಫೈಲು ಎಷ್ಟು ಹೊತ್ತಿನದು ಎಂಬುದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ರೆಕಾರ್ಡ್ ಆದದ್ದೆಲ್ಲ ತಾನೇ ತಾನಾಗಿ ನಾವೆಲ್ಲ ತೆರೆಯಬಹುದಾದ ಒಂದು ಫೋಲ್ಡರಿಗೆ ಹೋಗಿ ಕೂರುತ್ತದೆ. ಆ ಫೋಲ್ಡರಿನಲ್ಲಿ ಸೋಲೊದ ಪಕ್ಕ ಬರೆದಿತ್ತು: ಭಾನುವಾರ, ಮಧ್ಯಾಹ್ನ ಎರಡು ಇಪ್ಪತ್ತು.

ಸ್ಟುಡಿಯೊಗೆ ಇರುವುದು ಎರಡು ಬೀಗದಕೈ. ಒಂದು ಫಿಂಟನ್ ಹತ್ತಿರ, ಒಂದು ಸ್ಕಂದನ ಹತ್ತಿರ. ಫಿಂಟನ್ ಆ ದಿನ ಕಾರ್ಕ್‌ನಲ್ಲಿ ತಂಗಿಯ ಮಗಳ ಮದುವೆಯಲ್ಲಿದ್ದ. ಕೇಕಿನ ಪಕ್ಕ ನಿಂತಿರುವ ಫೋಟೊ ಇದೆ. ಎರಡು ಇಪ್ಪತ್ತಕ್ಕೇ ತೆಗೆದದ್ದು.

"ಅಂದ್ರೆ ನಿದ್ದೇಲಿ ಎದ್ದು, ಕಾರ್ ಓಡಿಸ್ಕೊಂಡು ಬಂದು, ನುಡಿಸಿ, ವಾಪಸ್ ಹೋಗಿ ಮಲಗಿದೀನಿ," ಎಂದ ಸ್ಕಂದ. ಧ್ವನಿಯಲ್ಲಿ ಏರಿಲ್ಲ, ಇಳಿತವಿಲ್ಲ. ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ.

"ಭಯ ಆಗ್ತಿಲ್ವೇನೋ?" ಎಂದಳು ವಂದನಾ.

"ಆಗ್ಬೇಕು ಅನ್ಸುತ್ತೆ. ಆಗ್ತಿಲ್ಲ." ಎಡಗೈಯ ಕಿರುಬೆರಳನ್ನು ಬಲಗೈಯಿಂದ ಎತ್ತಿ ಬಿಟ್ಟ. ಅದು ಬಿತ್ತು. "ಇದ್ರ ಥರಾನೇ."

ಹತ್ತು ದಿನದಿಂದ ಹೀಗೇ. ನಾನು ಹೇಳಿದ ಜೋಕುಗಳು ನೆಲಕ್ಕೆ ಬಿದ್ದು ಅಲ್ಲೇ ಇರುತ್ತಿದ್ದವು, ಎತ್ತುವವರಿಲ್ಲದೆ.

ಮೇಡಂ ಭೀಮಪ್ಪನ ಕಡೆ ತಿರುಗಿದರು. "ನೀವು?"

"ನಾ ಡ್ಯೂಟಿ ಮ್ಯಾಲ ಇದ್ದೆನ್ರೀ ಅಕ್ಕಾರ. ಬಸ್ಸಿನ್ಯಾಗ ಎಂಟು ಕ್ಯಾಮೆರಾ ಅದಾವ, ಎಲ್ಲಾದ್ರಾಗೂ ನಾನಾ ಇದ್ದೀನಿ. ಮ್ಯಾಲ ಗಿಟಾರು ಹಿಡಿಯಾಕ ಬರೂದಿಲ್ಲ ನನಗ. ನಾ ಏನಿದ್ರೂ ಬಡಿಯಾಂವ."

"ವಂದನಾ, ನಿಂಗೆ ಗಿಟಾರ್ ಬರತ್ತೆ."

"ಬರತ್ತೆ ಮೇಡಂ, ಇಷ್ಟ್ ಬರಲ್ಲ." ವಂದನಾ ನೇರವಾಗಿ ಹೇಳಿದಳು. "ಬಂದಿದ್ರೆ ಬೇಸ್ ಯಾಕ್ ಹಿಡ್ಕೊಂಡು ಮೂಲೇಲಿ ನಿಲ್ತಿದ್ದೆ? ಅವತ್ತು ಗಾಲ್ವೆ ಬಸ್ಸಲ್ಲಿದ್ದೆ, ಮಧ್ಯಾಹ್ನ ಪೂರ್ತಿ. ಟಿಕೆಟ್ ಫೋನಲ್ಲೇ ಇದೆ."

"ದಿಲೀಪ?"

"ಆಡಮ್ಸ್‌ಟೌನಲ್ಲಿ, ಮನೇಲಿ. ಪುಳಿಯೋಗರೆ ತಿಂತಿದ್ದೆ. ಸಾಕ್ಷಿ ಬೇಕಿದ್ರೆ ಆ ಪಾತ್ರೆ ಇನ್ನೂ ತೊಳೆದಿಲ್ಲ."

ಯಾರೂ ನಗಲಿಲ್ಲ. ಹೇಳಿದ್ದು ಮಾತ್ರ ನಿಜವೇ. ಎರಡು ಇಪ್ಪತ್ತಕ್ಕೆ ನಾನು ಮನೆಯಲ್ಲೇ ಇದ್ದೆ.

ಫಿಂಟನ್ ಕುರ್ಚಿ ತಿರುಗಿಸಿದ. ಗೋಡೆಯಿಂದ ಒಂದು ಗಿಟಾರು ಇಳಿಸಿ, ಮೇಡಂ ಮುಂದೆ ಹಿಡಿದು, ಇಂಗ್ಲಿಷಿನಲ್ಲಿ ಹೇಳಿದ: "ಒಂದು ಮಾತು ಹೇಳ್ತೀನಿ. ಸೋಲೊ ಕೊನೆಯಲ್ಲಿ ಮೇಲೆ ಹೋಗಿ ನಿಲ್ಲುತ್ತಲ್ಲ, ಅದಕ್ಕೆ ಕೈ ಇಷ್ಟು ಅಗಲ ಚಾಚಬೇಕು." ಎಡಗೈಯ ನಾಲ್ಕೂ ಬೆರಳು ತಂತಿಯ ಮೇಲೆ ಹರಡಿ ತೋರಿಸಿದ. ತುದಿಯಲ್ಲಿ ಕಿರುಬೆರಳು. "ಇದು ಗಟ್ಟಿಯಾಗಿ ಒತ್ತದಿದ್ದರೆ ಆ ಸ್ವರವೇ ಹುಟ್ಟಲ್ಲ. ಎರಡು ಬೆರಳಲ್ಲಿ ಯಾವ ಗಂಡಸಿಗೂ ಆಗಲ್ಲ, ಯಾವ ಹೆಂಗಸಿಗೂ ಆಗಲ್ಲ."

"ಕತ್ತರಿಸಿ ಅಂಟಿಸಿರಬಹುದಲ್ಲ?" ಮೇಡಂ ಕೇಳಿದರು. "ಹಳೇ ತುಣುಕುಗಳನ್ನ?"

"ನೋಡಿದೀನಿ. ಸೋಲೊದಲ್ಲಿ ಒಂದು ಕಡೆಯೂ ಕತ್ತರಿ ಬಿದ್ದಿಲ್ಲ. ಒಂದೇ ಉಸಿರು." ಗಿಟಾರನ್ನು ಗೋಡೆಗೆ ನೇತುಹಾಕಿದ. "ಉಳಿದಂತೆ ಎಲ್ಲ ಗ್ರ್ಯಾಂಡ್."

ಫಿಂಟನ್‌ಗೆ ಎಲ್ಲವೂ ಗ್ರ್ಯಾಂಡ್, ಅಂದರೆ ಪರವಾಗಿಲ್ಲ. ಚಾವಣಿ ಸೋರಿದರೂ ಗ್ರ್ಯಾಂಡ್, ಹಲ್ಲು ಕೀಳಿಸಿಕೊಂಡು ಬಂದರೂ ಗ್ರ್ಯಾಂಡ್.

"ಹಂಗಾದ್ರೆ ಅದು ಸ್ಕಂದ ಅಲ್ಲ!" ಎಂದಳು ವಂದನಾ. "ಕಿರುಬೆರಳೇ ಇಲ್ವಲ್ಲ ಅವನಿಗೆ. ಅಂದ್ರೆ, ಇದೆ..."

"ಧ್ವನಿ ಐತಲ್ಲ," ಎಂದ ಸ್ಕಂದ.

ಅಲ್ಲಿಗೆ ಬಂದರೆ ಎಲ್ಲ ನಿಂತುಬಿಡುತ್ತಿತ್ತು.

"ಬೆರಳು, ಬೀಗ, ಟೈಮು, ಏನ್ ಬೇಕಾದ್ರೂ ಹೇಳಿ. ಧ್ವನಿ ನಂದು. ಕೆಮ್ಮು ಕೂಡ ನಂದು. ನಾನಿಲ್ದೆ ನನ್ನ ಧ್ವನಿ ಹೆಂಗ್ ಬರುತ್ತೆ? ಕಿರುಬೆರಳು ನಿದ್ದೇಲಿ ಕೆಲಸ ಮಾಡುತ್ತೋ ಏನೋ. ಡಾಕ್ಟ್ರನ್ನೇ ಕೇಳ್ತೀನಿ."

ಅವನ ಮೊಬೈಲು ಗುಂಯ್ ಎಂದಿತು. ಆಸ್ಪತ್ರೆಯ ಮೆಸೇಜು. ಗಟ್ಟಿಯಾಗಿ ಓದಿದ: ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನರರೋಗ ವಿಭಾಗ. ಬರುವುದಾದರೆ ಒಂದು, ಬೇಡವಾದರೆ ಎರಡು ಎಂದು ಉತ್ತರಿಸಿ. ಬೇಡವೆಂದರೆ ನಿಮ್ಮ ಸರದಿ ಬೇರೆಯವರಿಗೆ ಹೋಗುತ್ತದೆ.

"ಒಂದು ಒತ್ತು," ಎಂದೆ ನಾನು. ಸ್ವಲ್ಪ ಬೇಗ ಎಂದೆನೇನೋ. ಮೇಡಂ ಕಣ್ಣು ಎತ್ತಿ ನನ್ನನ್ನು ನೋಡಿದರು.

"ಒತ್ತಿದ್ರಾಯ್ತು," ಎಂದು ಸ್ಕಂದ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡ.

ಮೇಡಂ ನೋಟ್‌ಬುಕ್ ಮುಚ್ಚಿದರು. ಬ್ಯಾಗಿನಿಂದ ಡಬ್ಬಿ ತೆಗೆದು ಕೋಡುಬಳೆ ಹಂಚಿದರು. ಫಿಂಟನ್ ಒಂದನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ನೋಡಿದ. ಬಿಡುವು ಸಿಕ್ಕ ಹಾಗೆ ಎಲ್ಲರೂ ಕುರುಕತೊಡಗಿದೆವು.

"ದಿಲೀಪ," ಎಂದರು, ಬೇರೇನೋ ನೆನಪಾದವರ ಹಾಗೆ. "ನೀನು ಮಿಮಿಕ್ರಿ ಮಾಡ್ತೀಯಂತೆ. ಹೋದ್ ವರ್ಷ ರಾಜ್ಯೋತ್ಸವದಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ನಂಗೆ ಜ್ವರ, ಬರಕ್ಕಾಗ್ಲಿಲ್ಲ."

"ಈಗ್ಯಾಕೆ ಮೇಡಂ ಅದೆಲ್ಲ."

"ಸುಮ್ನೆ. ಇವನ ಮುಖ ನೋಡು, ಶವದ ಮುಂದೆ ಕೂತಂಗಿದಾನೆ. ಒಂದೆರಡು ಮಾಡು."

ನಿಜ ಹೇಳುತ್ತೇನೆ ಎಂದಿದ್ದೇನಲ್ಲ. ನಿಜ ಇದು: ‘ಮಾಡು’ ಅಂದರೆ ನನಗೆ ತಡೆದುಕೊಳ್ಳಲು ಬರುವುದಿಲ್ಲ. ಕುಡುಕನ ಮುಂದೆ ಬಾಟಲಿ ಇಟ್ಟ ಹಾಗೆ. ಮದುವೆ, ಮುಂಜಿ, ಆಫೀಸಿನ ಮೀಟಿಂಗು, ಯಾರು ಕೇಳಿದರೂ ಎದ್ದು ನಿಲ್ಲುತ್ತೇನೆ.

ಎದ್ದೆ. ಮೊದಲು ಹ್ಯೂಸ್ಟನ್ ಸ್ಟೇಷನ್ನಿನ ಅನೌನ್ಸ್‌ಮೆಂಟು, ಮೂಗಿನಲ್ಲಿ. ವಂದನಾ ತುಟಿ ಕಚ್ಚಿದಳು. ಆಮೇಲೆ ಭೀಮಪ್ಪ, ಬಸ್ಸಿನಲ್ಲಿ ಟಿಕೆಟ್ಟಿಲ್ಲದ ಹುಡುಗರಿಗೆ ಇಂಗ್ಲಿಷಿನಲ್ಲಿ ಬೈಯಲು ಶುರುಮಾಡಿ ಇಳಕಲ್ಲಿನಲ್ಲಿ ಮುಗಿಸುವುದು. "ಥೂ ನಿನ್ನ, ಥೇಟ್ ನಾನಾ!" ಎಂದ ಭೀಮಪ್ಪ. ಆಮೇಲೆ ಫಿಂಟನ್. ಬೆಂಕಿ ಬಿದ್ದ ಸ್ಟುಡಿಯೊ ನೋಡುತ್ತ "ಗ್ರ್ಯಾಂಡ್, ಲ್ಯಾಡ್ಸ್, ಕೊನೆಗೂ ಬೆಚ್ಚಗಾಯ್ತು" ಅನ್ನುವುದು. ಫಿಂಟನ್ ತೊಡೆ ತಟ್ಟಿಕೊಂಡ.

ಶೆಡ್ಡಿನೊಳಗೆ ಒಂದಿಷ್ಟು ಜೀವ ಬಂತು. ಸ್ಕಂದ ಮಾತ್ರ ಗೋಡೆ ನೋಡುತ್ತಿದ್ದ.

"ಅಬ್ಬಾ," ಎಂದರು ಮೇಡಂ. "ಈಗ ಸ್ಕಂದನ್ನ ಮಾಡು. ಟೇಕ್ ಹೇಳೋದು ಮಾಡು."

ಒಂದು ಗಳಿಗೆ ನಿಂತೆ.

"ಅದೇ ಟೇಕ್ ಬೇಡ ಕಣೋ," ಎಂದರು ಮೃದುವಾಗಿ. "ಅದು ಬೇಜಾರಾಗತ್ತೆ. ಹೋದ ಭಾನುವಾರದ್ದು ಅಂದ್ಕೊಂಡು ಹೇಳು. ಮೊನ್ನೆ ಭಾನುವಾರ."

ಅಷ್ಟಕ್ಕೆ ನಾನು ಹಗುರಾಗಿಬಿಟ್ಟೆ. ಭುಜ ಇಳಿಸಿದೆ, ಕಣ್ಣರೆಪ್ಪೆ ಅರ್ಧ ಮುಚ್ಚಿದೆ, ಸಣ್ಣಗೆ ಕೆಮ್ಮಿದೆ. ಮನಸ್ಸಿನಲ್ಲೇ ವಾರ ಎಣಿಸಿದೆ.

"ವೀಕ್ ಥರ್ಟಿ ನೈನ್ ಪಾಯಿಂಟ್ ಸೆವೆನ್. ಟೇಕ್ ಒನ್."

ವಂದನಾ ಕಿಸಕ್ಕನೆ ನಕ್ಕಳು. ಭೀಮಪ್ಪ ಚಪ್ಪಾಳೆ ತಟ್ಟಿದ. ಕಣ್ಣು ಮುಚ್ಚಿ ಕೇಳಿದ್ದರೆ ಸ್ಕಂದನ ಹೆತ್ತ ತಾಯಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನನಗೂ ಒಳಗೊಳಗೇ ಖುಷಿಯಾಯಿತು, ಹೇಳಬಾರದು.

ಮೇಡಂ ಚಪ್ಪಾಳೆ ತಟ್ಟಲಿಲ್ಲ.

"ಸ್ಕಂದ, ಇವತ್ತು ನಿಮ್ಮ ಫ್ಯಾಕ್ಟ್ರೀಲಿ ಯಾವ ದಿನ?"

ಚಿಪ್ ಕಾರ್ಖಾನೆಯಲ್ಲಿ ಸ್ಕಂದನವರಿಗೆ ತಾರೀಕು ಅನ್ನುವುದೇ ಇಲ್ಲ. ವರ್ಷದ ಎಷ್ಟನೆಯ ವಾರ, ವಾರದ ಎಷ್ಟನೆಯ ದಿನ, ಅಷ್ಟೆ. ಸ್ಟುಡಿಯೊದಲ್ಲಿ ಪ್ರತಿ ಟೇಕಿಗೂ ಅದನ್ನೇ ಹೇಳುತ್ತಾನೆ. ಮದುವೆಯ ಆಮಂತ್ರಣ ಕೊಟ್ಟರೂ ಅವನ ಬಾಯಲ್ಲಿ ಮೊದಲು ಬರುವುದು ಅದೇ ನಂಬರು.

"ಫಾರ್ಟಿ ಪಾಯಿಂಟ್ ತ್ರೀ," ಎಂದ.

"ಮೊನ್ನೆ ಭಾನುವಾರ?"

"ಫಾರ್ಟಿ ಪಾಯಿಂಟ್ ಜೀರೋ."

"ದಿಲೀಪ ಥರ್ಟಿ ನೈನ್ ಪಾಯಿಂಟ್ ಸೆವೆನ್ ಅಂದನಲ್ಲ?"

"ಅವನಿಗೇನ್ ಗೊತ್ತು ಮೇಡಂ. ಸೆವೆನ್ ಅಂತ ಇಲ್ವೇ ಇಲ್ಲ. ನಮ್ಮ ವಾರ ಭಾನುವಾರಾನೇ ಶುರು. ಭಾನುವಾರ ಜೀರೋ, ಶನಿವಾರ ಸಿಕ್ಸ್. ಏಳು ಎಲ್ಲಿಂದ..."

ಅವನ ಬಾಯಿ ತೆರೆದೇ ಇತ್ತು.

ಮೇಡಂ ಫಿಂಟನ್‌ಗೆ ಬೆರಳಿನಲ್ಲಿ ಸನ್ನೆ ಮಾಡಿದರು. ಹನ್ನೆರಡನೆಯ ಸಲ. ಸ್ಪೀಕರಿನಲ್ಲಿ ಕೆಮ್ಮು. "ವೀಕ್ ಥರ್ಟಿ ಏಯ್ಟ್ ಪಾಯಿಂಟ್ ಸೆವೆನ್."

"ನಿಲ್ಸಿ," ಎಂದರು. ಫಿಂಟನ್ ಅದನ್ನೂ ಅರ್ಥಮಾಡಿಕೊಂಡ.

"ಫೆಬ್ರವರಿಯಿಂದ ಇವನು ಹೇಳಿರೋ ಟೇಕುಗಳನ್ನೆಲ್ಲ ಕೂತು ಕೇಳಿದೆ," ಎಂದರು ಮೇಡಂ. "ಅರವತ್ತೆರಡು. ಭಾನುವಾರದ್ದೆಲ್ಲ ಸೊನ್ನೆ. ಒಂದರಲ್ಲೂ ಏಳಿಲ್ಲ. ಆ ಭಾನುವಾರ ಇವನೇ ಹೇಳಿದ್ರೆ ಥರ್ಟಿ ನೈನ್ ಪಾಯಿಂಟ್ ಜೀರೋ ಆಗ್ಬೇಕಿತ್ತು. ಸಾಫ್ಟ್‌ವೇರಿನೋರಿಗೆ ವಾರ ಸೋಮವಾರ ಶುರು. ಅವರ ಭಾನುವಾರ ಏಳು. ಧ್ವನಿ ಕದ್ದೋನು ಧ್ವನಿ ಒಂದನ್ನೇ ಕದ್ದ, ವಾರ ತನ್ನದೇ ಇಟ್ಕೊಂಡ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನಿನ್ನೂ ಸ್ಕಂದನ ಭಂಗಿಯಲ್ಲೇ ನಿಂತಿದ್ದೆ, ಭುಜ ಇಳಿಬಿಟ್ಟುಕೊಂಡು.

"ಹತ್ತು ದಿನ ಕೇಳಿದೀನಿ," ಎಂದ ಸ್ಕಂದ ನಿಧಾನವಾಗಿ. "ನಂಬರ್ ಕಿವಿಗೇ ಬಿದ್ದಿಲ್ಲ. ನಂದೇ ಧ್ವನಿ ಅಂತ..." ಎದ್ದು ನಿಂತ. "ದಿಲೀಪ. ಅದು ನೀನಾ?"

ನನ್ನ ಹತ್ತಿರ ಎಷ್ಟೊಂದು ಧ್ವನಿಗಳಿವೆ. ಆಗ ಒಂದೂ ಬರಲಿಲ್ಲ.

"ಅಮ್ಮನಾಣೆ ಹೇಳೋ. ಆ ಧ್ವನಿ ನಿಂದಾ?"

"ಧ್ವನಿ ನಂದೇ ಕಣೋ," ಎಂದೆ. "ಆದ್ರೆ..."

ಆ ‘ಆದ್ರೆ’ಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಸ್ಕಂದ ನಕ್ಕ.

ಮೊದಲು ಮೂಗಿನಲ್ಲಿ ಗಾಳಿ ಬಿಟ್ಟ ಹಾಗೆ. ಆಮೇಲೆ ಹೊಟ್ಟೆಯಿಂದ. ಆರು ತಿಂಗಳಿನಿಂದ ಅವನು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಡ್ರಮ್ಮಿನ ಮೇಲೆ ಕೈಯೂರಿ ಬಗ್ಗಿ ನಕ್ಕ. "ಪಾಪಿ! ಮುಂಡೇದೇ! ಹತ್ತು ದಿನ ಕಣೋ! ಹತ್ತು ದಿನ ತಲೇಲಿ ಗೆಡ್ಡೆ ಐತೆ ಅಂತ ಮಲಗಿದೀನಿ ನಾನು!"

ನೀವು ಕೇಳಬಹುದು: ಹತ್ತು ದಿನ ಯಾಕೆ ಸುಮ್ಮನಿದ್ದೆ?

ಆ ಭಾನುವಾರ ಪುಳಿಯೋಗರೆ ತಿನ್ನುತ್ತ ಫೋಲ್ಡರ್ ತೆರೆದೆ. ಹೊಸ ಫೈಲೊಂದಿತ್ತು. ಮುಂದೆ ವಾರದ ನಂಬರಿಲ್ಲ, ಮಾತೇ ಇಲ್ಲ, ಸೀದಾ ಗಿಟಾರು. ಕೇಳಿ ಕೈತುತ್ತು ಕೈಯಲ್ಲೇ ಉಳಿಯಿತು. ಸ್ಕಂದನಿಗೆ ಬೆರಳು ವಾಪಸ್ ಬಂದಿದೆ ಎಂದುಕೊಂಡೆ. ಖುಷಿಗೆ ನಂಬರು ಹೇಳುವುದನ್ನೇ ಮರೆತಿದ್ದಾನೆ, ಅವನನ್ನು ರೇಗಿಸಬೇಕು ಎಂದು, ಕೋಣೆಯ ಪ್ರತಿಧ್ವನಿ ಬರದಿರಲೆಂದು ಬೀರುವಿನೊಳಗೆ ಕೋಟುಗಳ ನಡುವೆ ತಲೆ ತೂರಿಸಿ ಅವನ ಧ್ವನಿಯಲ್ಲಿ ನಂಬರು ರೆಕಾರ್ಡ್ ಮಾಡಿ, ಫೈಲಿನ ಮುಂದೆ ಅಂಟಿಸಿ, ಮತ್ತೆ ಸೇವ್ ಮಾಡಿದೆ. ಆಗ ಗಂಟೆ ಎರಡು ಇಪ್ಪತ್ತು.

ಮರುದಿನ ಸಂಜೆ ಎಲ್ಲರೂ ಕೂತು ಕೇಳಿದಾಗ, ಅವನು ನನಗೆ ಬೈಯುತ್ತಾನೆ ಎಂದು ನಗು ತಡೆದುಕೊಂಡು ಕಾದೆ. ಅವನು ಬೈಯಲಿಲ್ಲ. "ಇದನ್ನ ನಾನು ನುಡಿಸಿಲ್ಲ," ಎಂದ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆಂದರೆ ನುಡಿಸಿದ್ದು ಅವನೇ ಎಂದು ನನಗೆ ಗೊತ್ತಿತ್ತು. ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಧ್ವನಿ ನನ್ನದು ಎಂದರೆ ಸೋಲೊವೂ ಬೇರೆಯವರದು ಎಂದುಕೊಂಡು ಅವನು ಆಸ್ಪತ್ರೆಗೆ ಹೋಗುವುದನ್ನೇ ಬಿಡುತ್ತಾನೆ. ಏಳು ತಿಂಗಳು ‘ಏನಿಲ್ಲ, ಶಿಫ್ಟಿನ ಸುಸ್ತು’ ಎಂದು ಹೇಳಿಕೊಂಡು ಬಂದವನು. ನನ್ನ ಕಳ್ಳ ಧ್ವನಿಯೊಂದೇ ಅವನನ್ನು ಕತ್ತು ಹಿಡಿದು ಡಾಕ್ಟರ ಬಾಗಿಲಿಗೆ ನೂಕುತ್ತಿತ್ತು. ಗುರುವಾರ ಕಳೆಯಲಿ, ಆಮೇಲೆ ಕಾಲು ಹಿಡಿದುಕೊಂಡರಾಯಿತು ಎಂದುಕೊಂಡಿದ್ದೆ.

ಇನ್ನು ಒಂದು ರಾತ್ರಿ ಉಳಿದಿತ್ತು.

ಶೆಡ್ಡಿನಲ್ಲಿ ಈಗ ಎಲ್ಲರೂ ನಗುತ್ತಿದ್ದರು. ಭೀಮಪ್ಪ ನನ್ನ ಬೆನ್ನಿಗೆ ಗುದ್ದುತ್ತ, "ಮಂಗ್ಯಾನ ಮಗನ, ಹೆದರಿಸಿ ಕೊಂದಿ ಅಲ್ಲೋ!" ಎನ್ನುತ್ತಿದ್ದ. ವಂದನಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಏನೂ ಅರ್ಥವಾಗದ ಫಿಂಟನ್ ಕೂಡ ನಗುತ್ತಿದ್ದ.

ಮೇಡಂ ನನ್ನ ಪಕ್ಕಕ್ಕೆ ಬಂದರು. ಗೆದ್ದವರ ಮುಖವಾಗಿರಲಿಲ್ಲ. ನಾನು ಅರ್ಧ ನುಂಗಿದ ಮಾತನ್ನು ಅವರೊಬ್ಬರೇ ಕೇಳಿಸಿಕೊಂಡಿದ್ದರು.

"ಆದ್ರೆ ಅಂದ್ಯಲ್ಲ. ಏನು ಆದ್ರೆ?"

"ನಾನು ಅಂಟಿಸಿದ್ದು ಧ್ವನಿ ಮಾತ್ರ ಮೇಡಂ. ಗಿಟಾರ್ ಅಲ್ಲಿ ಮೊದ್ಲೇ ಇತ್ತು."

"ಎರಡು ಇಪ್ಪತ್ತು?"

"ಅದು ನಾನು ಸೇವ್ ಮಾಡಿದ ಟೈಮು. ಮೊದಲಿದ್ದ ಟೈಮ್ ಬೇರೆ."

"ಎಷ್ಟು?"

"ಹನ್ನೊಂದು ನಲವತ್ತು. ಬೆಳಿಗ್ಗೆ."

ಕಾತ್ಯಾಯಿನಿ ಮೇಡಂ ಬಾಗಿಲ ಕಡೆ ನೋಡಿದರು, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಆ ಬಾಗಿಲನ್ನು. ಆಮೇಲೆ ಸೋಫಾ. ಹನ್ನೊಂದು ನಲವತ್ತಕ್ಕೆ ಈ ಶೆಡ್ಡಿನಲ್ಲಿ ಇದ್ದದ್ದು ಒಬ್ಬನೇ ಒಬ್ಬ. ಅವನು ಮಲಗಿದ್ದ. ಮಲಗಿದ್ದೆ ಎಂದು ಅವನೇ ಹೇಳಿದ್ದ.

"ನಾನು ಎಲ್ಲರನ್ನೂ ತಪ್ಪು ಹೊತ್ತಿನ ಬಗ್ಗೆ ಕೇಳ್ತಾ ಕೂತಿದ್ದೆ," ಎಂದರು, ತಮಗೇ ಹೇಳಿಕೊಂಡ ಹಾಗೆ. ಅವರ ಕೈ ನನ್ನ ಮೊಣಕೈ ಹಿಡಿದುಕೊಂಡಿತು. "ಆ ಕಿರುಬೆರಳು... ಸ್ಕಂದ! ಸ್ಕಂದ, ಒಂದ್ನಿಮಿಷ ಇರು!"

ಅವನಿಗೆ ಕೇಳಿಸಲಿಲ್ಲ. ಬಲಗೈಯಲ್ಲಿ ಮೊಬೈಲು ಎತ್ತಿ ಹಿಡಿದಿದ್ದ. ಪರದೆಯ ಮೇಲೆ ಆಸ್ಪತ್ರೆಯ ಮೆಸೇಜು, ಅದರ ಕೆಳಗೆ ಅವನು ಆಗತಾನೆ ಒತ್ತಿ ಕಳಿಸಿದ ಒಂದೇ ಒಂದು ಅಂಕಿ: ಎರಡು.

"ಹೋಯ್ತು! ನನ್ನ ತಲೆ ನೆಟ್ಟಗೈತೆ ಅಂತ ಹೇಳ್ಬಿಟ್ಟೆ!" ಎಂದು ಅದನ್ನು ಒಬ್ಬೊಬ್ಬರ ಮುಖದ ಮುಂದೆಯೂ ಹಿಡಿಯುತ್ತ ಬಂದ. ವಂದನಾ ನಕ್ಕಳು, ಭೀಮಪ್ಪ ನಕ್ಕ, ಫಿಂಟನ್ ಗ್ರ್ಯಾಂಡ್ ಅಂದ. ನನ್ನ ಮುಂದೆ ಬಂದು ನಿಂತು, ನನ್ನ ಮುಖ ನೋಡಿ, ಅದೂ ಒಂದು ಮಿಮಿಕ್ರಿ ಅಂದುಕೊಂಡನೋ ಏನೋ, ಸ್ಕಂದ ಎಲ್ಲರಿಗಿಂತ ಜೋರಾಗಿ ನಕ್ಕ.